ಮಿಷನ್‌ಗೆ ಗೊತ್ತಾಗಲ್ಲ, ದೇವರಿಗೆ ಗೊತ್ತಾಗತ್ತಲ್ಲ

ಕೆಲವು ವರ್ಷದ ಹಿಂದಿನ ಮಾತು. ಮೇ ತಿಂಗಳು, ವಿಧಾನಸಭೆ ಚುನಾವಣೆ. ಮತದಾನದ ದಿನ ಬೆಳಿಗ್ಗೆ ಕಣದಲ್ಲಿ ಕರಿಮೆಣಸು ಹರವುತ್ತಿದ್ದೆ. ಕೊಡಗಿನ ನಮ್ಮ ತೋಟದಲ್ಲಿ ಕೆಲಸದವರು ಇರುವ ಲೈನ್ ಮನೆಯ ಅಜ್ಜಿ ಬಂದು ಮೆಟ್ಟಿಲ ಹತ್ತಿರ ನಿಂತರು. ಸೆರಗಿನ ತುದಿಯಲ್ಲಿ ಏನೋ ಗಂಟು.

ಹಿಂದಿನ ರಾತ್ರಿ ಯಾರೋ ಜೀಪಿನಲ್ಲಿ ಬಂದಿದ್ದರಂತೆ. ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಪಕ್ಕದಲ್ಲಿ ದೇವಿಯ ಫೋಟೊ. ಒಬ್ಬೊಬ್ಬರನ್ನೇ ಕರೆದು ಅಕ್ಕಿ ಮೇಲೆ ಕೈ ಇಡಿಸಿ, ಇಂಥ ಗುರುತಿಗೇ ಒತ್ತುತ್ತೇನೆ ಅಂತ ಆಣೆ ಹಾಕಿಸಿ, ಐನೂರರ ನೋಟು ಕೊಟ್ಟು ಹೋಗಿದ್ದಾರೆ. ಯಾವ ಪಕ್ಷ ಅಂತ ಕೇಳಬೇಡಿ. ತಟ್ಟೆ ಎಲ್ಲರ ಮನೆಯಲ್ಲೂ ಇದೆ.

ಅಜ್ಜಿಗೆ ಮತ ಹಾಕಬೇಕಿದ್ದದ್ದು ಬೇರೆಯವರಿಗೆ. ನಾನು ಓದಿದವನಲ್ಲವೇ, ಶುರು ಮಾಡಿದೆ. ಗುಪ್ತ ಮತದಾನ ಅಜ್ಜಿ, ಯಾರಿಗೆ ಒತ್ತಿದ್ದು ಅಂತ ಒಂದು ನರಪಿಳ್ಳೆಗೂ ಗೊತ್ತಾಗಲ್ಲ, ನೀವೂ ಯಾರಿಗೂ ಹೇಳಬೇಕಾಗಿಲ್ಲ ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, "ಮಿಷನ್‌ಗೆ ಗೊತ್ತಾಗಲ್ಲ ಸಾವ್ಕಾರೇ, ದೇವರಿಗೆ ಗೊತ್ತಾಗತ್ತಲ್ಲ? ಮೊಮ್ಮಗನಿಗೆ ಏನಾದ್ರೂ ಆದ್ರೆ?" ಅಂದರು.

ನನ್ನ ಬಾಯಿ ಕಟ್ಟಿತು. ಪರದೆ ಕಟ್ಟಿ, ರಟ್ಟಿನ ಮರೆ ಇಟ್ಟು, ಪೊಲೀಸರನ್ನು ನಿಲ್ಲಿಸಿ ಕಾಪಾಡುವ ಗುಟ್ಟು ಅದು. ಆ ಮರೆಯೊಳಕ್ಕೆ ದೇವರನ್ನೇ ಬೂತ್ ಏಜೆಂಟ್ ಮಾಡಿ ಕೂರಿಸಿಬಿಟ್ಟಿದ್ದರು.

ಕಾನೂನು ಮಾಡಿದವರಿಗೆ ಇದು ಹೊಳೆದಿರಲಿಲ್ಲ ಅಂತಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಕಲಂ ನೋಡಿ. ದುಡ್ಡು ಹಂಚುವುದು, ಧರ್ಮದ ಹೆಸರಲ್ಲಿ ಮತ ಕೇಳುವುದು ತಪ್ಪು ಅನ್ನುವುದರ ಜೊತೆಗೆ, ದೈವದ ಕೋಪಕ್ಕೆ ಗುರಿಯಾಗುತ್ತೀರಿ ಅಂತ ಮತದಾರರನ್ನು ನಂಬಿಸುವುದೂ ಭ್ರಷ್ಟಾಚಾರ ಅಂತ ಬರೆದಿದೆ. ದೈವದ ಕೋಪ ಅನ್ನುವ ಮಾತು ಚುನಾವಣಾ ಕಾಯ್ದೆಯಲ್ಲಿ! ಮೊದಲ ಸಲ ಓದಿದಾಗ ನಗು ಬಂದಿತ್ತು. ಆ ಬೆಳಿಗ್ಗೆ ಬರಲಿಲ್ಲ. 1959ರಲ್ಲಿ ಸುಪ್ರೀಂ ಕೋರ್ಟಿಗೆ ಪಂಜಾಬಿನ ಇಂಥದೇ ಮೊಕದ್ದಮೆ ಬಂದಿತ್ತು. ಸಿಖ್ಖರ ನಾಮಧಾರಿ ಪಂಥದ ಗುರುಗಳು ಇಂಥವರಿಗೇ ಮತ ಹಾಕಿ ಅಂತ ಹುಕುಂ ಹೊರಡಿಸಿದ್ದರು. ಗುರು ತನ್ನ ಅಭಿಪ್ರಾಯ ಹೇಳಬಹುದು, ಆದರೆ ಭಕ್ತನಿಗೆ ಬೇರೆ ದಾರಿಯೇ ಉಳಿಯದಂತೆ ಮಾಡುವ ಹಾಗಿಲ್ಲ ಅಂತ ಕೋರ್ಟು ಹೇಳಿತು.

ಸರಿ. ಆದರೆ ಈ ಕಲಂ ಓದಿ ಹೇಳಿದ್ದರೆ ಅಜ್ಜಿಯ ಭಯ ಹೋಗುತ್ತಿತ್ತೇ?

ಉತ್ತರ ಕೊಟ್ಟದ್ದು ನನ್ನ ಅವ್ವ. ಅಡುಗೆಮನೆ ಬಾಗಿಲಲ್ಲೇ ನಿಂತು, "ಬಲವಂತದ ಆಣೆ ದೇವರಿಗೆ ಮುಟ್ಟಲ್ಲ. ಪಾಪ ಹಾಕಿಸಿದವನಿಗೆ. ಅಷ್ಟಕ್ಕೂ ಹೆದರಿಕೆ ಇದ್ರೆ ಆ ನೋಟನ್ನ ತಪ್ಪುಕಾಣಿಕೆ ಅಂತ ಭಂಡಾರಕ್ಕೆ ಹಾಕು, ಕೈಮುಗಿ, ಆಮೇಲೆ ನಿನಗೆ ಬೇಕಾದವರಿಗೆ ಒತ್ತು" ಅಂದರು. ಅಜ್ಜಿಯ ಮುಖ ಸಡಿಲವಾಯಿತು.

ಧರ್ಮವನ್ನು ರಾಜಕೀಯದಿಂದ ದೂರ ಇಡಿ ಅಂತ ನಾವು ಭಾಷಣದಲ್ಲಿ ಸಲೀಸಾಗಿ ಹೇಳಿಬಿಡುತ್ತೇವೆ. ನಂಬುವವರಿಗೆ ಅದನ್ನು ಹಾಗೆ ಬಿಡಿಸಿ ಇಡಲು ಆಗುವುದಿಲ್ಲ. ನನಗೂ ಆಗುವುದಿಲ್ಲ, ಕಾವೇರಮ್ಮನ ಆಣೆ ಅಂದರೆ ಇವತ್ತಿಗೂ ನಾಲಿಗೆ ತಡೆಯುತ್ತದೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ದೇವರ ಹೆಸರಲ್ಲಿ ಕಡಿಯದೆ ಬಿಟ್ಟ ಕಾಡುಗಳು. ಒತ್ತುವರಿ ಆಗಿಲ್ಲ ಅಂತಲ್ಲ, ಆದರೂ ಉಳಿದಿರುವಷ್ಟು ಉಳಿದದ್ದು ಗಾರ್ಡಿನ ಲಾಠಿಗಿಂತ ಹೆಚ್ಚಾಗಿ ದೇವರ ಭಯದಿಂದ. ಮರ ಉಳಿಸಿದ ಆ ಭಯವನ್ನೇ ತಟ್ಟೆಯಲ್ಲಿಟ್ಟು ಮತ ಕೀಳಲು ತಂದಾಗ ನನಗೆ ಸಿಟ್ಟು ಬರುವುದು ಪ್ರಜಾಪ್ರಭುತ್ವದ ಪರವಾಗಿ ಮಾತ್ರ ಅಲ್ಲ, ದೇವರ ಪರವಾಗಿಯೂ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದೂ ಇದರ ಹತ್ತಿರದ ಮಾತನ್ನೇ. ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ಭಕ್ತಿ ಅಧೋಗತಿಗೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಅಂದರು. ಅವರು ಹೇಳಿದ್ದು ನಾಯಕರ ಮೇಲಿನ ಭಕ್ತಿಯ ಬಗ್ಗೆ. ಆದರೆ ನಮ್ಮ ಕಡೆ ದೇವರ ಮೇಲೂ ಬರೀ ಭಕ್ತಿಯೇ ಇಲ್ಲ ನೋಡಿ. ಗೋಣಿಕೊಪ್ಪಲು ಹತ್ತಿರದ ದೇವರಪುರದಲ್ಲಿ ಮೇ ಕೊನೆಗೆ ಕುಂಡೆ ಹಬ್ಬ. ಇಲ್ಲಿನ ಬುಡಕಟ್ಟಿನ ಕುರುಬರು, ಯರವರು ವೇಷ ಹಾಕಿ, ಡಬ್ಬ ಬಡಿಯುತ್ತಾ ಬಂದು ದೇವರನ್ನೇ ಬಾಯಿಗೆ ಬಂದಂತೆ ಬೈಯುತ್ತಾರೆ. ಕೆಲಸ ಕೊಡುವ ಸಾವ್ಕಾರನಿಗೂ ಪಾಲು ಇದೆ. ಬೈಸಿಕೊಂಡವನು ನಗುತ್ತಾ ದುಡ್ಡು ಕೊಡಬೇಕು. ದೇವರಿಗೇ ಇಷ್ಟು ತಾಳ್ಮೆ ಇರುವಾಗ, ಎಮ್ಮೆಲ್ಲೆಗಳು ಒಂದು ಪೋಸ್ಟಿಗೆ ಕೇಸು ಜಡಿಯುವುದೇಕೆ ಅನ್ನಿಸುತ್ತದೆ. ಇದನ್ನು ತೀರಾ ಹೊಗಳಲೂ ಮನಸ್ಸಿಲ್ಲ. ಹಬ್ಬ ಮುಗಿದ ಮಾರನೇ ದಿನ ಅವರು ಅದೇ ಲೈನ್ ಮನೆಗೆ, ನಾನು ಅದೇ ಬಂಗಲೆಗೆ.

ಆ ವರ್ಷವೂ ಬಂದರು. ಅಜ್ಜಿಯ ಮಗ ಸೀರೆ ಉಟ್ಟು, ಲಿಪ್‌ಸ್ಟಿಕ್ ಬಳಿದುಕೊಂಡು ನಮ್ಮ ಅಂಗಳದಲ್ಲಿ ನನ್ನ ಜಿಪುಣತನವನ್ನು ಇಲ್ಲಿ ಬರೆಯಲಾಗದ ಮಾತುಗಳಲ್ಲಿ ಹಾಡಿದ. ಹಿಂದೆ ನಿಂತ ಅಜ್ಜಿಗೆ ನಗು ತಡೆಯಲಾಗುತ್ತಿರಲಿಲ್ಲ. ದುಡ್ಡು ಕೊಡುವಾಗ ಮೆಲ್ಲಗೆ ಕೇಳಿದೆ, ಕೊನೆಗೆ ಯಾರಿಗೆ ಒತ್ತಿದಿರಿ ಅಜ್ಜಿ?

"ಯಾರಿಗೂ ಹೇಳಬೇಕಾಗಿಲ್ಲ ಅಂತ ನೀವೇ ಅಂದ್ರಲ್ಲ ಸಾವ್ಕಾರೇ."