ಕರೆಂಟ್ ಬರುವವರೆಗೆ ಕುರ್ಚಿ ಬಿಡಬೇಡಿ

ತಿಂಗಳ ನಡುವೆ ಒಂದು ದಿನ ಅಮೆರಿಕದ ಎಡಿಸನ್, ಫ್ರಿಸ್ಕೊ, ಫ್ರೀಮಾಂಟ್‌ಗಳ ಕನ್ನಡದ ಮನೆಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ: "ಕರೆಂಟ್ ಆಯ್ತಾ?" ವಿಡಿಯೋ ಕಾಲಿನ ಈ ತುದಿಯಲ್ಲಿ, ಹಾಸನದಲ್ಲೋ ಶಿರಸಿಯಲ್ಲೋ ಕೂತ ಅಮ್ಮನಿಗೆ ಆಶ್ಚರ್ಯ. ಅಷ್ಟು ದೊಡ್ಡ ದೇಶದಲ್ಲೂ ಲೋಡ್ ಶೆಡ್ಡಿಂಗಾ? ಹೌದಮ್ಮಾ, ಹೆಚ್ಚುಕಡಿಮೆ ಅದೇ. ನಮ್ಮಲ್ಲಿ ಹೋದ ಕರೆಂಟ್ ಗಾಳಿಮಳೆ ನಿಂತ ಮೇಲಾದರೂ ಬರುತ್ತದೆ. ಅಲ್ಲಿ ಹನ್ನೆರಡು ವರ್ಷ ಕಾದವರ ಮನೆಯಲ್ಲೂ ಇನ್ನೂ ಬುಡ್ಡಿದೀಪ.

ಅಮೆರಿಕದಲ್ಲಿ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನ ಸರದಿ ಯಾರಿಗೆ ಬಂತು ಎಂದು ತಿಳಿಸಲು ಅಲ್ಲಿನ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ವೀಸಾ ಬುಲೆಟಿನ್ ಹೊರಡಿಸುತ್ತದೆ. ಅದರಲ್ಲಿ ಅಚ್ಚಾದ ದಿನಾಂಕ ನಿಮ್ಮ ಪ್ರಯಾರಿಟಿ ಡೇಟನ್ನು, ಅಂದರೆ ನೀವು ಸಾಲಿಗೆ ಸೇರಿದ ದಿನವನ್ನು, ದಾಟಿದರೆ ನೀವು ಕರೆಂಟ್. ದಾಟದಿದ್ದರೆ ಬರುವ ತಿಂಗಳು ಮತ್ತೆ ನೋಡುವುದು. ಈ ಬುಲೆಟಿನ್ನಿಗೆ ಎರಡು ಪಟ್ಟಿ. ಒಂದು ಕಾರ್ಡ್ ಕೈಗೆ ಕೊಡುವ ದಿನಾಂಕದ್ದು, ಇನ್ನೊಂದು ಅರ್ಜಿ ಹಾಕಲು ಬಿಡುವ ದಿನಾಂಕದ್ದು. ಎರಡರಲ್ಲಿ ಈ ತಿಂಗಳು ಯಾವುದು ನಡೆಯುತ್ತದೆ ಎಂಬುದನ್ನು ಹೇಳಲು ಮತ್ತೊಂದು ಇಲಾಖೆ, ವಲಸೆಯದು. ಪಂಚಾಂಗ ಒಬ್ಬರದು, ಮುಹೂರ್ತ ಇನ್ನೊಬ್ಬರದು.

ಲೆಕ್ಕ ಮಾತ್ರ ಮೂರನೇ ಕ್ಲಾಸಿನದು. 1990ರ ಕಾನೂನು ಉದ್ಯೋಗದ ಆಧಾರದಲ್ಲಿ ಕೊಡುವ ವೀಸಾಗಳನ್ನು ವರ್ಷಕ್ಕೆ 1,40,000ಕ್ಕೆ ನಿಲ್ಲಿಸಿತು. ಈಬಿ-2, ಅಂದರೆ ಉನ್ನತ ಪದವಿಯವರ ವರ್ಗದ ಪಾಲು ಅದರಲ್ಲಿ ಶೇ. 28.6, ಅಂದರೆ 40,040. ಯಾವ ಒಂದು ದೇಶಕ್ಕೂ ಶೇ. 7ರ ಮೇಲೆ ಇಲ್ಲ. ಗುಣಿಸಿದರೆ ಸುಮಾರು 2,800. ಹೆಂಡತಿ ಮಕ್ಕಳೂ ಅದರೊಳಗೇ ಲೆಕ್ಕ, ಹಾಗಾಗಿ ನಾಲ್ವರ ಸಂಸಾರವಾದರೆ ವರ್ಷಕ್ಕೆ 700 ಮನೆ. ಬೇರೆ ದೇಶದವರು ಉಂಡು ಬಿಟ್ಟದ್ದು ಕೆಲವು ವರ್ಷ ನಮ್ಮ ಎಲೆಗೂ ಬೀಳುತ್ತದೆ, ಅದನ್ನು ನಂಬಿ ಎಲೆ ಹಾಕಿಕೊಂಡು ಕೂರುವಂತಿಲ್ಲ. ನಾಲ್ಕು ಲಕ್ಷದಷ್ಟು ಜನರಿರುವ ಐಸ್‌ಲ್ಯಾಂಡಿಗೂ ಮಿತಿ ಅಷ್ಟೇ, 140 ಕೋಟಿಯ ಭಾರತಕ್ಕೂ ಅಷ್ಟೇ. ಆನೆಗೂ ಇರುವೆಗೂ ತಲಾ ಒಂದು ಸೌಟು, ಪಂಕ್ತಿಭೇದ ಮಾಡಿದರು ಎಂದು ಯಾರೂ ದೂರುವಂತಿಲ್ಲ. ಕೇಟೊ ಎಂಬ ಅಧ್ಯಯನ ಸಂಸ್ಥೆಯ ಡೇವಿಡ್ ಬಿಯರ್ 2018ರಲ್ಲಿ ಈ ವರ್ಗದ ಭಾರತೀಯರ ಸಾಲನ್ನು ಲೆಕ್ಕ ಹಾಕಿ, ಹೊಸದಾಗಿ ನಿಂತವರಿಗೆ 151 ವರ್ಷ ಎಂದರು. ವಾರಸುದಾರರ ಹೆಸರನ್ನೂ ಅರ್ಜಿಯಲ್ಲಿ ಕೇಳಬೇಕಿತ್ತು, ಕೇಳಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ಇಲ್ಲಿ ದೇಶ ಎಂದರೆ ಪಾಸ್‌ಪೋರ್ಟಿನ ದೇಶವಲ್ಲ, ಹೆರಿಗೆಯಾದ ದೇಶ. ಉಡುಪಿಯ ದಂಪತಿ ಮಸ್ಕತ್‌ನಲ್ಲಿದ್ದಾಗ ಹುಟ್ಟಿದ ಮಗ ಒಮಾನಿನ ಸಾಲಿನಲ್ಲಿ ನಿಲ್ಲುತ್ತಾನೆ, ಆ ಸಾಲಿನಲ್ಲಿ ಜನವೇ ಇಲ್ಲ. ಬಾಣಂತನಕ್ಕೆಂದು ಊರಿಗೆ ಬಂದ ತಾಯಿಗೆ ಮಣಿಪಾಲದಲ್ಲಿ ಹುಟ್ಟಿದ ತಮ್ಮ ಭಾರತದ ಸಾಲಿನ ಬಾಲಕ್ಕೆ. ಅಜ್ಜಿಯ ಕೈಯ ಎಣ್ಣೆನೀರು ಅಷ್ಟು ದುಬಾರಿ. ಗಂಡ ಹೆಂಡತಿಯ ಹುಟ್ಟೂರಿನ ಸಾಲನ್ನು ಹಿಡಿಯಬಹುದು ಎಂಬ ಅನುಕೂಲವೂ ಇರುವುದರಿಂದ, ಜಾತಕದಲ್ಲಿ ಇನ್ನು ಮುಂದೆ ನಕ್ಷತ್ರ ಬಿಟ್ಟು ಜನ್ಮಸ್ಥಳದ ಕಾಲಂ ಮೊದಲು ನೋಡುವುದು ಕ್ಷೇಮ.

ಸರಿ, ಸಾಲು ಉದ್ದವಿದೆ. ಕಾಯುವವನು ಅಷ್ಟರಲ್ಲಿ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕರೆ ಹೋಗಬಾರದೇ ಎಂದು ಊರಿನವರು ಕೇಳುತ್ತಾರೆ. ಹೋಗಬಹುದು. ಆದರೆ ಸಾಲಿನಲ್ಲಿ ನಿಂತಿರುವುದು ಮನುಷ್ಯನಲ್ಲ, ಕುರ್ಚಿ. ಅರ್ಜಿ ಕಂಪನಿಯದು. ಅದೂ ನೀವು ಇಂದು ಮಾಡುವ ಕೆಲಸಕ್ಕಲ್ಲ, ಕಾರ್ಡ್ ಬಂದ ಮೇಲೆ ಮಾಡಲಿರುವ ಕೆಲಸಕ್ಕೆ. 2012ರಲ್ಲಿ ಸಿಲ್ವರ್‌ಲೈಟ್ ಬಲ್ಲ ಎಂಜಿನಿಯರ್ ಬೇಕು ಎಂದು ಬರೆದಿದ್ದರೆ, ಮೈಕ್ರೋಸಾಫ್ಟ್ 2021ರಲ್ಲಿ ಅದರ ತಿಥಿ ಮುಗಿಸಿದ್ದರೂ, ಕಡತದಲ್ಲಿ ಅದು ಇಂದಿಗೂ ಭವಿಷ್ಯದ ಉದ್ಯೋಗ.

ಆ ಕುರ್ಚಿಗೆ ಮೊದಲು ಪರ್ಮ್ ಎಂಬ ಶಾಸ್ತ್ರವಾಗಬೇಕು: ಈ ಕೆಲಸಕ್ಕೆ ಅರ್ಹ ಅಮೆರಿಕನ್ ಯಾರೂ ಸಿಗಲಿಲ್ಲ ಎಂದು ಕಂಪನಿ ಹುಡುಕಿ ತೋರಿಸುವುದು. ಅಳಿಯ ಒಳಗೆ ಕೂತು ಊಟ ಮಾಡುತ್ತಿರುವಾಗ ಅಂಗಳದಲ್ಲಿ ನಡೆಯುವ ಸ್ವಯಂವರ ಅದು. ಕಾರ್ಮಿಕ ಇಲಾಖೆ ಆ ಕೆಲಸಕ್ಕೆ ಆ ಊರಲ್ಲಿ ಎಷ್ಟು ಸಂಬಳ ಎಂದು ಗೊತ್ತುಮಾಡುತ್ತದೆ, ಇದಕ್ಕೇ ತಿಂಗಳುಗಟ್ಟಲೆ. ಆಮೇಲೆ ರಾಜ್ಯದ ಉದ್ಯೋಗ ಕಚೇರಿಯಲ್ಲಿ 30 ದಿನ ಜಾಹೀರಾತು, ಎರಡು ಭಾನುವಾರದ ದಿನಪತ್ರಿಕೆಯಲ್ಲಿ ಎರಡು ಜಾಹೀರಾತು, ಹತ್ತು ದಾರಿಗಳ ಪಟ್ಟಿಯಿಂದ ಇನ್ನೂ ಮೂರು. ಆ ಹತ್ತರಲ್ಲಿ ರೇಡಿಯೊ ಕೂಡ ಇದೆ. ಕ್ಲೌಡ್ ಕೆಲಸ ಹುಡುಕುವ ಹುಡುಗ ಭಾನುವಾರ ಬೆಳಗ್ಗೆ ಕಾಫಿ ಹಿಡಿದು, ಕಾಗದದ ಪತ್ರಿಕೆ ಬಿಡಿಸಿ, ಹಿನ್ನೆಲೆಯಲ್ಲಿ ರೇಡಿಯೊ ಹಾಕಿಕೊಂಡು ಕೂತಿರುತ್ತಾನೆ ಎಂಬುದು ಇಲಾಖೆಯ ಕಲ್ಪನೆ. ಕೆಲಸ ನಡೆಯುವ ಜಾಗದಲ್ಲಿ ಸಂಬಳದ ಸಮೇತ ಒಂದು ನೋಟಿಸನ್ನೂ ಸತತ ಹತ್ತು ಕೆಲಸದ ದಿನ ಅಂಟಿಸಬೇಕು. ಸಾಮಾನ್ಯವಾಗಿ ಅದು ಪ್ಯಾಂಟ್ರಿಯ ಮೈಕ್ರೋವೇವ್ ಪಕ್ಕದಲ್ಲಿರುತ್ತದೆ. ಅನ್ನ ಬಿಸಿಯಾಗುವ ಎರಡು ನಿಮಿಷದಲ್ಲಿ ಪಕ್ಕದ ಸೀಟಿನವನ ಸಂಬಳ ಎಲ್ಲರಿಗೂ ಬಾಯಿಪಾಠ.

ಅರ್ಹ ಅಮೆರಿಕನ್ ಒಬ್ಬ ನಿಜಕ್ಕೂ ಅರ್ಜಿ ಹಾಕಿಬಿಟ್ಟರೆ? ಪರ್ಮ್ ಅಲ್ಲಿಗೇ ನಿಲ್ಲುತ್ತದೆ. ಆದರೆ ಅವನನ್ನು ಕೆಲಸಕ್ಕೆ ತೆಗೆದುಕೊಳ್ಳಲೇಬೇಕು ಎಂದು ಯಾವ ನಿಯಮವೂ ಇಲ್ಲ. ಅವನಿಗೆ ಕೆಲಸವಿಲ್ಲ, ನಿಮಗೆ ಕಾರ್ಡಿಲ್ಲ, ನೀವು ಮಾತ್ರ ನಿಮ್ಮ ಸೀಟಿನಲ್ಲೇ ಇರುತ್ತೀರಿ. ಇಬ್ಬರಿಗೂ ನ್ಯಾಯ ಒದಗಿಸಲು ಬರೆದ ನಿಯಮ ಇಬ್ಬರಿಗೂ ಸಮನಾಗಿ ಚೊಂಬು ಕೊಡುವುದು ಇಲ್ಲಿ ಮಾತ್ರ. ಇಂಥವರು ಬರಬಾರದೆಂದು ಏನು ಮಾಡುತ್ತಾರೆ ಎಂಬುದೂ ಗುಟ್ಟಲ್ಲ. ಈ ಹುದ್ದೆಗಳನ್ನು ಮಾಮೂಲಿನಂತೆ ತನ್ನ ವೆಬ್‌ಸೈಟಿನಲ್ಲಿ ಹಾಕದೆ, ಅರ್ಜಿಯನ್ನು ಅಂಚೆಯಲ್ಲಿ ಕಳಿಸಿ ಎಂದ ಆರೋಪದ ಮೇಲೆ ಫೇಸ್‌ಬುಕ್ 2021ರಲ್ಲಿ ನ್ಯಾಯ ಇಲಾಖೆಯೊಂದಿಗೆ 1.425 ಕೋಟಿ ಡಾಲರ್ ತನಕದ ರಾಜಿಗೆ ಬಂತು, ಆಪಲ್ 2023ರಲ್ಲಿ 2.5 ಕೋಟಿಯ ತನಕ. ಲೋಕವನ್ನೆಲ್ಲ ಫೋನಿನೊಳಗೆ ಕೂರಿಸಿದವರಿಗೆ ಅಂಚೆಪೆಟ್ಟಿಗೆಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿದ್ದನ್ನು ಕಂಡು ಸರ್ಕಾರಕ್ಕೂ ಅನುಮಾನ ಬಂದಿರಬೇಕು.

ಜಾಹೀರಾತಿನಲ್ಲಿ ಕೇಳುವ ಅನುಭವ ಈ ಕಂಪನಿಗೆ ಸೇರುವ ಮೊದಲು ಗಳಿಸಿದ್ದಾಗಿರಬೇಕು. ಒಂಬತ್ತು ವರ್ಷ ಇದೇ ಸೀಟಿನಲ್ಲಿ ಕಲಿತದ್ದು, ಕೆಲಸ ಅರ್ಧಕ್ಕರ್ಧ ಬೇರೆಯಾಗಿದ್ದರೆ ಹೊರತು, ಲೆಕ್ಕಕ್ಕಿಲ್ಲ. ಹಾಗಾಗಿ ಹಳೆಯ ಬೆಂಗಳೂರು ಕಂಪನಿಯಿಂದ ಪತ್ರ ತರಬೇಕು: ಸೇರಿದ ದಿನ, ಬಿಟ್ಟ ದಿನ, ಪೂರ್ಣಾವಧಿಯೇ, ಯಾವ ಯಾವ ಕೆಲಸ, ಯಾವ ಯಾವ ತಂತ್ರಾಂಶ, ಎಲ್ಲವೂ ಅದರಲ್ಲಿರಬೇಕು. ಅಲ್ಲಿನ ಎಚ್‌ಆರ್ ಕೊಡುವುದು ಎರಡು ಸಾಲು, "ಇವರ ಮುಂದಿನ ಬದುಕಿಗೆ ಶುಭ ಹಾರೈಸುತ್ತೇವೆ" ಎಂಬುದೂ ಸೇರಿ. ಕಂಪನಿ ಮುಚ್ಚಿದ್ದರೆ ಹಳೇ ಸಹೋದ್ಯೋಗಿಯನ್ನು ಹಿಡಿದು ಅಫಿಡವಿಟ್ ಮಾಡಿಸುವುದೇ ಗತಿ.

ಈಗ ಕೆಲಸ ಬದಲಿಸೋಣ. ಕಾಯುವಷ್ಟು ದಿನ ಕೆಲಸ ಮಾಡಲು ಬಿಡುವ ಎಚ್-1ಬಿ ವೀಸಾದ ಟ್ರಾನ್ಸ್‌ಫರ್ ಸಲೀಸು, ಹೊಸ ಕಂಪನಿಯ ಅರ್ಜಿ ಇಲಾಖೆಗೆ ಮುಟ್ಟಿದರೆ ಹೋಗಿ ಸೇರಬಹುದು. ಗ್ರೀನ್ ಕಾರ್ಡಿನ ಕಡೆ ಮಾತ್ರ ಸ್ವಯಂವರ ಮೊದಲಿನಿಂದ. ಮತ್ತೆ ಸಂಬಳ ಗೊತ್ತುಮಾಡುವುದು, ಮತ್ತೆ ಭಾನುವಾರದ ಪೇಪರ್, ಮತ್ತೆ ಮೈಕ್ರೋವೇವ್, ಒಂದು ವರ್ಷಕ್ಕೂ ಮೀರಿ ಕೂರುವ ಪರ್ಮ್, ಆಮೇಲೆ ಹೊಸ ಐ-140, ಅಂದರೆ ನಿಮ್ಮ ಪರವಾಗಿ ಕಂಪನಿ ವಲಸೆ ಇಲಾಖೆಗೆ ಹಾಕುವ ಅರ್ಜಿ. ಎಲ್ಲ ಸೇರಿ ಎರಡು ವರ್ಷ ಎಂದಿಟ್ಟುಕೊಳ್ಳಿ. ಕಂಪನಿ ಬದಲಿಸದೆ ನ್ಯೂಜೆರ್ಸಿಯಿಂದ ಡಲ್ಲಾಸಿನ ಆಫೀಸಿಗೆ ಹೋದರೂ ಇದೇ ಕಥೆ, ಏಕೆಂದರೆ ಪರ್ಮ್ ಊರಿಗೂ ಅಂಟಿಕೊಂಡಿದೆ. ಅಷ್ಟರಲ್ಲಿ ಆ ಕಂಪನಿ ಅದೇ ಬಗೆಯ ಕೆಲಸದವರನ್ನು ಮನೆಗೆ ಕಳಿಸಿದರೆ ಪರ್ಮ್ ಆರು ತಿಂಗಳು ತೂಗುಗತ್ತಿಯ ಕೆಳಗೆ. 2023ರಲ್ಲಿ ಹಲವು ದೊಡ್ಡ ಕಂಪನಿಗಳು ಅದರ ಸಹವಾಸವೇ ಬೇಡವೆಂದು ಬದಿಗಿಟ್ಟವು. ನಿಮ್ಮನ್ನೇ ಕಳಿಸಿದರೆ ಹೆಚ್ಚೆಂದರೆ 60 ದಿನ. ಈ ಕೆಲಸಕ್ಕೆ ಬೇರೆ ಯಾರಾದರೂ ಸಿಗುತ್ತಾರೆಯೇ ಎಂದು ಯೋಚಿಸಲು ಇಲಾಖೆಗೆ ಒಂದು ವರ್ಷ ಬೇಕು, ಬೇರೆ ಕೆಲಸ ಹುಡುಕಿಕೊಳ್ಳಲು ನಿಮಗೆ ಎರಡು ತಿಂಗಳು ಸಾಕು. ನಿಮ್ಮ ಸಾಮರ್ಥ್ಯದ ಮೇಲೆ ಎಷ್ಟು ಭರವಸೆ ನೋಡಿ!

ಈ ತಂತ್ರಶಾಸ್ತ್ರದಲ್ಲಿ ಮಂತ್ರಸಂಖ್ಯೆ 180. ಜಾಹೀರಾತು 180 ದಿನಕ್ಕೆ ಹಳಸುತ್ತದೆ. ಒಪ್ಪಿಗೆಯಾದ ಪರ್ಮ್ 180 ದಿನದೊಳಗೆ ಐ-140 ಆಗಬೇಕು. ಐ-140 ಒಪ್ಪಿಗೆಯಾಗಿ 180 ದಿನ ಕಳೆದರೆ, 2017ರ ನಿಯಮದ ಪ್ರಕಾರ, ಹಳೇ ಕಂಪನಿ ಸಿಟ್ಟಿನಿಂದ ವಾಪಸ್ ತೆಗೆದರೂ ಅದು ಸಾಯುವುದಿಲ್ಲ. ಅದರ ಮೇಲೆ ಆರು ವರ್ಷದ ಮಿತಿ ದಾಟಿ ಎಚ್-1ಬಿಯನ್ನು ಮೂರು ಮೂರು ವರ್ಷ ಎಳೆಯಬಹುದು. 179ನೇ ದಿನ ವಾಪಸ್ ತೆಗೆದರೆ? ಪ್ರಯಾರಿಟಿ ಡೇಟ್ ಉಳಿಯುತ್ತದೆ, ವೀಸಾ ಎಳೆಯುವ ಹಗ್ಗ ಹೋಗುತ್ತದೆ. ಸಾಲಿನಲ್ಲಿ ನಿಮ್ಮ ಜಾಗ ಭದ್ರ, ನಿಲ್ಲಲು ದೇಶವಿಲ್ಲ. ಆದ್ದರಿಂದ ರಾಜೀನಾಮೆ ಕೊಡುವ ಮುನ್ನ ಕ್ಯಾಲೆಂಡರಿನಲ್ಲಿ ಆರು ತಿಂಗಳೆಂದು ಕಣ್ಣಳತೆ ಮಾಡದೆ ದಿನ ಎಣಿಸಿ. ಫೆಬ್ರವರಿ ಯಾರ ಸ್ನೇಹಿತನೂ ಅಲ್ಲ.

ಐ-140ರ ಪ್ರತಿಯನ್ನೂ ಮೊದಲೇ ಇಸಿದುಕೊಳ್ಳಿ. ಅದು ನಿಮ್ಮ ಬದುಕಿನ ಕಾಗದ, ಆದರೆ ಅರ್ಜಿದಾರ ಕಂಪನಿಯಾದ್ದರಿಂದ ಬರುವುದು ಅವರಿಗೆ ಮತ್ತು ಅವರ ಲಾಯರಿಗೆ. ಕೇಳಿದರೆ "ಪಾಲಿಸಿ ಇಲ್ಲ" ಎನ್ನುತ್ತಾರೆ. ಮೂರು ಅಕ್ಷರ, ಹತ್ತು ಅಂಕಿಯ ರಸೀತಿ ಸಂಖ್ಯೆಯನ್ನಾದರೂ ಬರೆದಿಟ್ಟುಕೊಳ್ಳಿ. ಅದೂ ಸಿಗದಿದ್ದರೆ ಅಲ್ಲಿನ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ನಿಮ್ಮ ಬಗ್ಗೆಯೇ ನೀವು ಸರ್ಕಾರದಿಂದ ತಿಳಿದುಕೊಳ್ಳಬಹುದು. ಹಾಗೆಯೇ, ಹಣ ಕಟ್ಟಿ ಐ-140ಯನ್ನು 15 ಕೆಲಸದ ದಿನಗಳಲ್ಲಿ ಮುಗಿಸಿಕೊಳ್ಳುವವರಿಗೆ ಒಂದು ಮಾತು: 21 ತುಂಬಿದ ಮಗು ಅಪ್ಪನ ಸಾಲಿನಿಂದ ಹೊರಗೆ, ಆದರೆ ತುಂಬಿತೇ ಎಂದು ನೋಡುವಾಗ ಆ ಅರ್ಜಿ ಕೊಳೆತಷ್ಟು ದಿನವನ್ನು ವಯಸ್ಸಿನಿಂದ ಕಳೆಯುತ್ತಾರೆ. ಬೇಗ ಮಾಡಿಸಿಕೊಂಡವನ ಮಗ ಬೇಗ ದೊಡ್ಡವನಾಗುತ್ತಾನೆ. ಸೋಮಾರಿ ಇಲಾಖೆಗೆ ಬಿಟ್ಟವನ ಮಗ ಕೆಲವು ತಿಂಗಳು ಎಳೆಯನಾಗಿಯೇ ಉಳಿಯುತ್ತಾನೆ.

ಡೇಟ್ ಬಂದು, ಕೊನೆಯ ಅರ್ಜಿಯಾದ 485 ಹಾಕಿ, ಅದೂ 180 ದಿನ ಕೊಳೆತ ಮೇಲೆ, 2000ದ ಕಾನೂನು ಕೈಕೋಳ ಬಿಚ್ಚುತ್ತದೆ. ಇನ್ನು ಹೊಸ ಪರ್ಮ್ ಇಲ್ಲದೆ ಕಂಪನಿ ಬದಲಿಸಬಹುದು, ಹೊಸ ಕೆಲಸ "ಅದೇ ಅಥವಾ ಅಂಥದೇ" ಆಗಿದ್ದರೆ. ಅಂಥದೇ ಎಂದರೆ ಎಂಥದು? ಅದಕ್ಕೆ ಉದ್ಯೋಗಗಳನ್ನು ವಿಂಗಡಿಸುವ ಎಸ್‌ಒಸಿ ಕೋಡ್ ಎಂಬ ಆರಂಕಿಯ ಗೋತ್ರವಿದೆ. ಮದುವೆಗೆ ಸಗೋತ್ರ ನಿಷಿದ್ಧ, ಇಲ್ಲಿ ಸಗೋತ್ರವೇ ಆಗಬೇಕು. ಸಾಫ್ಟ್‌ವೇರ್ ಡೆವಲಪರ್ 15-1252. ಅದೇ ಆಸಾಮಿ, ಅದೇ ಲ್ಯಾಪ್‌ಟಾಪ್, ಅದೇ ಪೈಥಾನ್, ಬೋರ್ಡು ಮಾತ್ರ ಡೇಟಾ ಸೈಂಟಿಸ್ಟ್ ಎಂದಾದರೆ 15-2051, ಗಣಿತಜ್ಞರ ಪಂಕ್ತಿ. ಪ್ರಾಡಕ್ಟ್ ಮ್ಯಾನೇಜರ್‌ಗೆ ಸ್ವಂತ ಗೋತ್ರವೇ ಇಲ್ಲ. ಒಬ್ಬ ಲಾಯರ್ ಅವನನ್ನು ಮಾರ್ಕೆಟಿಂಗ್‌ಗೆ ದತ್ತು ಕೊಟ್ಟರೆ ಇನ್ನೊಬ್ಬರು "ಇತರೆ ಕಂಪ್ಯೂಟರ್ ಉದ್ಯೋಗ" ಎಂಬ ಅನಾಥಾಲಯಕ್ಕೆ ಸೇರಿಸುತ್ತಾರೆ. ಡೆವಲಪರ್ ಬಡ್ತಿ ಪಡೆದು ತನ್ನಂಥ ಡೆವಲಪರ್‌ಗಳ ಮ್ಯಾನೇಜರ್ ಆದರೆ, ಕೋಡ್ 11-3021 ಆದರೂ, ಸಹಜ ಬೆಳವಣಿಗೆ ಎಂದು ಒಪ್ಪಬಹುದೆಂದು 2016ರ ಸುತ್ತೋಲೆ ಹೇಳಿದೆ. ಒಪ್ಪುವುದು ಬಿಡುವುದು ಟೇಬಲ್ಲಿನ ಆಚೆ ಕೂತವರಿಗೆ ಬಿಟ್ಟದ್ದು.

ಇದನ್ನೆಲ್ಲ ಸಪ್ಲಿಮೆಂಟ್ ಜೆ ಎಂಬ ಫಾರ್ಮಿನಲ್ಲಿ ಹೊಸ ಕಂಪನಿ ಸಹಿ ಹಾಕಿ ಹೇಳಬೇಕು. ಹುದ್ದೆಯ ಹೆಸರಿಗಿಂತ ಕೆಲಸದ ವಿವರ ಮುಖ್ಯ, ಹಳೇ ಪರ್ಮಿನ ವಿವರವನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಸಿ. ಎಡವುವುದು ಇಲ್ಲೇ. ಹೊಸ ಕಂಪನಿಯ ಎಚ್‌ಆರ್‌ಗೆ ನೀವು ದೊಡ್ಡ ಮನುಷ್ಯರು ಎಂದು ತೋರಿಸುವ ಆಸೆ: "ಹೊಸ ದಿಕ್ಕಿನ ನೇತಾರ" ಎಂದೆಲ್ಲ ಬರೆದುಬಿಡುತ್ತಾರೆ. ನಿಮಗೆ ಬೇಕಾದದ್ದು ಹಳೇ ದಿಕ್ಕು. ಇಂಟರ್‌ವ್ಯೂನಲ್ಲಿ ಎಷ್ಟು ಬೆಳೆದಿದ್ದೇನೆ ಎಂದು ಹೇಳಿ ಕೆಲಸ ಗಿಟ್ಟಿಸಿದ ಮನುಷ್ಯ, ಫಾರ್ಮಿನಲ್ಲಿ ಒಂದಿಂಚೂ ಬೆಳೆದಿಲ್ಲ ಎಂದು ಸಾಬೀತು ಮಾಡಬೇಕು.

ಅರ್ಜಿ ಹಾಕಿದ ಮೇಲೂ ಕರೆಂಟ್ ಹೋಗುತ್ತದೆ, ಅದಕ್ಕೆ ರೆಟ್ರೊಗ್ರೆಷನ್ ಎಂದು ಹೆಸರು. ಭಾರತದ ಈಬಿ-2 ದಿನಾಂಕ 2022ರ ಸೆಪ್ಟೆಂಬರಿನಲ್ಲಿ 2014ರ ಡಿಸೆಂಬರ್ 1 ಇತ್ತು. ಮರುತಿಂಗಳೇ 2012ರ ಏಪ್ರಿಲ್. ಡಿಸೆಂಬರಿಗೆ 2011ರ ಅಕ್ಟೋಬರ್. ಮರುವರ್ಷ 2011ರ ಜನವರಿ. ಕಾಲ ಹಿಂದಕ್ಕೆ ಓಡುವುದಿಲ್ಲ ಎಂದವರು ಆ ಬುಲೆಟಿನ್ ಓದಿರಲಿಲ್ಲ. 2007ರ ಜುಲೈಗಂತೂ ಬಹುತೇಕ ಎಲ್ಲರಿಗೂ ಕರೆಂಟ್ ಎಂದು ಪ್ರಕಟಿಸಿ, ಜನ ಕಾಗದ ಕಟ್ಟಿಕೊಂಡು ಓಡುವಷ್ಟರಲ್ಲಿ ಎರಡನೇ ತಾರೀಕಿಗೇ ಫ್ಯೂಸ್ ಕಿತ್ತರು. ನಮ್ಮವರು ಬೈಯದೆ, ವಲಸೆ ಇಲಾಖೆಯ ನಿರ್ದೇಶಕರಿಗೆ ಹೂಗುಚ್ಛ ಕಳಿಸಿದರು, ಗಾಂಧಿಗಿರಿ. ನಿರ್ದೇಶಕರು ಹೂವನ್ನು ವಾಲ್ಟರ್ ರೀಡ್ ಮಿಲಿಟರಿ ಆಸ್ಪತ್ರೆಗೆ ದಾಟಿಸಿದರು. 17ಕ್ಕೆ ಫ್ಯೂಸ್ ವಾಪಸ್, ಆಗಸ್ಟ್ 17ರವರೆಗೆ ಅರ್ಜಿ ತೆಗೆದುಕೊಂಡರು. ವಕೀಲರ ನೋಟಿಸಿಗೂ ಗುಲಾಬಿಗೂ ಎಷ್ಟೆಷ್ಟು ಪಾಲು ಎಂಬ ತರ್ಕ ಇಂದಿಗೂ ಪಾಟ್‌ಲಕ್ಕುಗಳಲ್ಲಿ ಬಿಸಿಬೇಳೆಬಾತಿನ ಜೊತೆ ನಡೆಯುತ್ತದೆ.

ಕೊನೆಗೊಂದು ದಿನ ಕಾರ್ಡ್ ಅಂಚೆಯಲ್ಲಿ ಬಂದೇಬಿಡುತ್ತದೆ. ಹೆಸರಿಗೆ ಹಸಿರು. ಹನ್ನೆರಡು ವರ್ಷ ಅದೇ ಕುರ್ಚಿಯಲ್ಲಿ ಕೂತವನು ಡ್ರಾಫ್ಟ್‌ನಲ್ಲಿಟ್ಟ ರಾಜೀನಾಮೆ ತೆರೆದು, ಲಾಯರಿಗೆ ಒಂದು ಫೋನ್ ಮಾಡುತ್ತಾನೆ. "ಅಭಿನಂದನೆ," ಎನ್ನುತ್ತಾರೆ ಲಾಯರ್, "ಆದರೆ ಕಾರ್ಡ್ ಕೊಟ್ಟದ್ದು ಈ ಕೆಲಸ ಮಾಡುವ ಉದ್ದೇಶ ನಿಮಗಿದೆ ಎಂದು. ಐದು ವರ್ಷದ ಮೇಲೆ ಪೌರತ್ವ ಕೇಳುವಾಗ ಯಾರಾದರೂ ಪ್ರಶ್ನೆ ಎತ್ತಬಹುದು. ಎಷ್ಟು ದಿನ ಇರಬೇಕು ಎಂದು ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ. ಆದರೂ ಒಂದು 180 ದಿನ ಕೂತಿರಿ."