ಗುಂಡಿಗಿಂತ ಮುಂಚಿನ ಮಲಾಲಾ

ನಿನ್ನೆ ನಮ್ಮ ಸ್ಕೂಲಿನಲ್ಲಿ ಭಾಷಣ ಸ್ಪರ್ಧೆ ಇತ್ತು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ತಾಲಿಬಾನ್‌ನವರ ಗುಂಡು ತಿಂದೂ ಬದುಕುಳಿದ ಪಾಕಿಸ್ತಾನದ ಮಲಾಲಾ ಯೂಸಫ್‌ಝೈ ಬಗ್ಗೆ ಮಾತಾಡಿದಳು. ಎಲ್ಲೂ ತಡವರಿಸದೆ, ಚೀಟಿ ನೋಡದೆ ಮಾತಾಡಿದಳು. ಬಹುಮಾನ ಕೊಡಲು ಬಂದಿದ್ದ ಅತಿಥಿಗಳು ಕೊನೆಗೆ ಮೈಕ್ ಹಿಡಿದು ಹೇಳಿದರು: "ನೋಡಿ ಮಕ್ಕಳೇ, ಅದೃಷ್ಟ ಅಂದ್ರೆ ಅದು. ಒಂದು ಗುಂಡು ಬಿತ್ತು, ಪ್ರಪಂಚಕ್ಕೆಲ್ಲ ಹೆಸರಾದಳು. ಬೀಳದೇ ಇದ್ದಿದ್ರೆ ಅವಳು ಯಾರು ಅಂತ ಯಾರಿಗೆ ಗೊತ್ತಾಗ್ತಿತ್ತು?"

ಚಪ್ಪಾಳೆ ಬಿತ್ತು. ನಮ್ಮ ಟೀಚರುಗಳೂ ತಟ್ಟಿದರು. ಭಾಷಣ ಮಾಡಿದ ಹುಡುಗಿ ಕೈಯಲ್ಲಿ ಸರ್ಟಿಫಿಕೇಟ್ ಹಿಡಿದು ನಗುತ್ತಾ ನಿಂತಿದ್ದಳು.

ಮನೆಗೆ ಬಂದು ಕುಕ್ಕರ್ ಇಟ್ಟರೂ ಅದೇ ಮಾತು, ಪಾತ್ರೆ ತೊಳೆದರೂ ಅದೇ ಮಾತು. ಅದೃಷ್ಟವಂತೆ. ಇಪ್ಪತ್ತೆರಡು ವರ್ಷದಿಂದ ಹೆಣ್ಣುಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿರುವವಳು ನಾನು. ಆ ಮಾತನ್ನ ಹಾಗೇ ಬಿಟ್ಟು ಮಲಗೋಕೆ ನನ್ನಿಂದ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೀನಿ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲು ಒಂದು ಖುಷಿಯ ವಿಷಯ ಹೇಳಿಬಿಡುತ್ತೀನಿ. ವಂದನಾರ್ಪಣೆ ನಡೆಯುವಾಗ ಒಂಬತ್ತನೇ ಕ್ಲಾಸಿನ ಒಬ್ಬಳು ನನ್ನ ಪಕ್ಕ ಬಂದು ಕೂತು ಪಿಸುಗುಟ್ಟಿದಳು: "ಮಿಸ್, ಗುಂಡು ಬೀಳೋಕೆ ಮುಂಚೆ ಅವಳು ಏನ್ ಮಾಡಿದ್ಲು? ಸುಮ್ ಸುಮ್ನೆ ಯಾಕೆ ಹೊಡೀತಾರೆ?"

ಅತಿಥಿಗಳಿಗೆ ಹೊಳೆಯದ್ದು ಈ ಮಗುವಿಗೆ ಹೊಳೆಯಿತು. ಸುಮ್ ಸುಮ್ನೆ ಯಾಕೆ ಹೊಡೀತಾರೆ?

ಹೊಡೆದದ್ದು 2012ರ ಅಕ್ಟೋಬರ್ 9ರಂದು. ಪಾಕಿಸ್ತಾನದ ಸ್ವಾತ್ ಕಣಿವೆಯ ಮಿಂಗೋರಾ ಊರು. ಹುಡುಗಿಯರು ಪರೀಕ್ಷೆ ಬರೆದು ಸ್ಕೂಲಿನ ವ್ಯಾನಿನಲ್ಲಿ ಮನೆಗೆ ಹೊರಟಿದ್ದರು. ವ್ಯಾನನ್ನು ನಿಲ್ಲಿಸಿದರು. ಒಬ್ಬ ಹಿಂದಿನಿಂದ ಹತ್ತಿ, "ಮಲಾಲಾ ಯಾರು?" ಅಂತ ಕೇಳಿದ. ಯಾರೂ ಬಾಯಿ ಬಿಡಲಿಲ್ಲ. ಒಂದಿಬ್ಬರ ಕಣ್ಣು ಅವಳ ಕಡೆ ಹೋಯಿತು. ಮುಖ ಮುಚ್ಚಿಕೊಳ್ಳದೆ ಕೂತಿದ್ದವಳು ಅವಳೊಬ್ಬಳೇ. ಅವನು ಗುಂಡು ಹಾರಿಸಿದ. ಪಕ್ಕದಲ್ಲಿದ್ದ ಶಾಜಿಯಾ ಮತ್ತು ಕೈನಾತ್ ಅನ್ನೋ ಇಬ್ಬರು ಗೆಳತಿಯರಿಗೂ ಗುಂಡು ತಗುಲಿತು.

ಅವನು ಏನು ಕೇಳಿದ ಅಂತ ಇನ್ನೊಮ್ಮೆ ಓದಿ. ಹೆಸರು ಹಿಡಿದು ಕೇಳಿದ. ದಾರಿ ತಪ್ಪಿ ಬಂದು ಯಾರಿಗೋ ತಗುಲಿದ ಗುಂಡಲ್ಲ ಅದು, ಹೆಸರು ಕೇಳಿಕೊಂಡು ಬಂದ ಗುಂಡು. ಅವಳು ಯಾರು ಅಂತ ಗೊತ್ತಿದ್ದದ್ದಕ್ಕೇ ಹುಡುಕಿಕೊಂಡು ಬಂದರು. ಅದರ ಹಿಂದಿನ ವರ್ಷವೇ, 2011ರ ಡಿಸೆಂಬರಿನಲ್ಲಿ, ಪಾಕಿಸ್ತಾನ ಸರ್ಕಾರ ಅವಳಿಗೆ ಯುವ ಶಾಂತಿ ಪ್ರಶಸ್ತಿ ಕೊಟ್ಟಿತ್ತು. ಗುಂಡಿನಿಂದ ಹೆಸರು ಬರಲಿಲ್ಲ. ಹೆಸರಿನಿಂದ ಗುಂಡು ಬಂತು.

ಹಾಗಾದರೆ ಆ ಹೆಸರು ಎಲ್ಲಿಂದ ಬಂತು? ನಮ್ಮ ಹುಡುಗಿ ಕೇಳಿದ್ದು ಅದನ್ನೇ.

ಸ್ವಾತ್‌ನಲ್ಲಿ ಫಜ್ಲುಲ್ಲಾ ಅಂತ ತಾಲಿಬಾನ್ ಮುಖಂಡನೊಬ್ಬನಿದ್ದ. ಜನ ಅವನನ್ನ ರೇಡಿಯೋ ಮುಲ್ಲಾ ಅಂತಿದ್ದರು. ಎಫ್ಎಂ ರೇಡಿಯೋ ಇಟ್ಟುಕೊಂಡು ರಾತ್ರಿ ಮಾತಾಡುತ್ತಿದ್ದ. ಇಂಥ ಹುಡುಗಿ ಶಾಲೆ ಬಿಟ್ಟಿದ್ದಾಳೆ, ಅವಳಿಗೆ ಅಭಿನಂದನೆ, ಸ್ವರ್ಗಕ್ಕೆ ಹೋಗುತ್ತಾಳೆ ಅಂತ ಹೆಸರು ಓದುತ್ತಿದ್ದ. ಮನೆಮನೆಯಲ್ಲಿ ಅದು ಕೇಳಿಸುತ್ತಿತ್ತು. ನಿಮ್ಮ ಮಗಳ ಹೆಸರು ರೇಡಿಯೋದಲ್ಲಿ ಬರಲಿಲ್ಲ ಅಂದರೆ ಅಕ್ಕಪಕ್ಕದವರು ನಿಮ್ಮ ಮನೆ ಕಡೆ ತಿರುಗಿ ನೋಡುತ್ತಾರೆ. ಅವನ ಕಡೆಯವರು ಶಾಲೆಗಳಿಗೆ ಬಾಂಬ್ ಇಟ್ಟರು. ಕೊಂದವರ ಹೆಣಗಳನ್ನ ಮಿಂಗೋರಾದ ಚೌಕದಲ್ಲಿ ಬಿಸಾಡಿ ಹೋಗುತ್ತಿದ್ದರು, ಬೆಳಿಗ್ಗೆ ಜನ ನೋಡಲಿ ಅಂತಲೇ. 2009ರ ಜನವರಿ 15ರ ನಂತರ ಹೆಣ್ಣುಮಕ್ಕಳು ಶಾಲೆಗೆ ಹೋಗಕೂಡದು ಅಂತ ಗಡುವು ಕೊಟ್ಟರು.

ಆಗ ಬಿಬಿಸಿ ಉರ್ದು ವಿಭಾಗದವರಿಗೆ ಒಳಗಿನಿಂದ ದಿನಚರಿ ಬರೆಯೋ ಒಬ್ಬ ಹುಡುಗಿ ಬೇಕಿತ್ತು. ಮೊದಲು ಬೇರೊಬ್ಬ ಹುಡುಗಿ ಒಪ್ಪಿಕೊಂಡಿದ್ದಳು. ಅವಳ ಮನೆಯವರು ಹೆದರಿ ಬೇಡ ಅಂದರು. ಅವರನ್ನ ನಾನು ಒಂದು ಮಾತೂ ಅನ್ನೋದಿಲ್ಲ. ನಾನಾಗಿದ್ದರೂ ನನ್ನ ಮಗಳಿಗೆ ಬೇಡ ಅಂತಿದ್ದೆ. ಮಲಾಲಾ ಬರೀತೀನಿ ಅಂದಳು. ಅವಳಿಗೆ ಆಗ 11 ವರ್ಷ. ನಮ್ಮಲ್ಲಿ ಆರನೇ ಕ್ಲಾಸಿನ ಮಗು. ಗುಲ್ ಮಕೈ ಅನ್ನೋ ಹೆಸರಿನಲ್ಲಿ ಬರೆದಳು.

ಜನವರಿ 3ರ ಮೊದಲ ಬರಹದಲ್ಲಿ ಏನಿದೆ ಗೊತ್ತಾ? ಹಿಂದಿನ ರಾತ್ರಿ ಕನಸಿನಲ್ಲಿ ಹೆಲಿಕಾಪ್ಟರ್‌ಗಳು, ತಾಲಿಬಾನ್‌ನವರು ಬಂದಿದ್ದರಂತೆ. ಕ್ಲಾಸಿನ 27 ಮಕ್ಕಳಲ್ಲಿ 11 ಮಂದಿ ಮಾತ್ರ ಬಂದಿದ್ದರಂತೆ. ಮನೆಗೆ ವಾಪಸ್ ಬರುವಾಗ ಹಿಂದಿನಿಂದ ಒಬ್ಬ ಗಂಡಸು "ಕೊಂದುಹಾಕ್ತೀನಿ" ಅಂದದ್ದು ಕೇಳಿಸಿತಂತೆ. ಇವಳು ಹೆಜ್ಜೆ ಜೋರು ಮಾಡಿದಳು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಅವನು ಮೊಬೈಲಿನಲ್ಲಿ ಬೇರೆ ಯಾರನ್ನೋ ಬೈಯುತ್ತಿದ್ದ. ಉಸಿರು ಬಿಟ್ಟಳು.

ಇದನ್ನ ಓದಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಏನೋ ಆಗುತ್ತೆ. ಹೆದರಿಕೆ ಇಲ್ಲದ ಮಗು ಅಲ್ಲ ಅದು. ದಾರಿಹೋಕನ ಫೋನಿನ ಮಾತಿಗೂ ಬೆಚ್ಚಿ ಓಡಿದ ಮಗು. ಆದರೂ ಮತ್ತೆ ಸ್ಕೂಲಿಗೆ ಹೋಯಿತು. ಗುಂಡು ಬೀಳೋಕೆ ಇನ್ನೂ ಮೂರು ಮುಕ್ಕಾಲು ವರ್ಷ ಇತ್ತು. ಧೈರ್ಯ ಇರೋದು ಅಲ್ಲಿ. ಅತಿಥಿಗಳ ಭಾಷಣದಲ್ಲಿ ಅಷ್ಟೂ ದಿನಗಳು ಮಾಯ.

ಇನ್ನೊಂದು ದಿನ ಸ್ಕೂಲಿನವರು ಯೂನಿಫಾರಂ ಹಾಕಬೇಡಿ, ಮಾಮೂಲಿ ಬಟ್ಟೆಯಲ್ಲಿ ಬನ್ನಿ ಅಂದಿದ್ದರು. ಇವಳು ತನಗಿಷ್ಟದ ಗುಲಾಬಿ ಬಟ್ಟೆ ಹಾಕಿಕೊಂಡು ಹೋದಳು. ಪ್ರಾರ್ಥನೆ ಹೊತ್ತಿಗೆ ಬಣ್ಣಬಣ್ಣದ ಬಟ್ಟೆಯೂ ಬೇಡ, ತಾಲಿಬಾನ್‌ನವರು ಆಕ್ಷೇಪ ಮಾಡುತ್ತಾರೆ ಅಂದರು. ಜನವರಿ 14ರಂದು ಚಳಿಗಾಲದ ರಜೆ ಅಂತ ಹೇಳಿದರು, ಯಾವಾಗ ತೆರೆಯುತ್ತೆ ಅಂತ ಹೇಳಲಿಲ್ಲ. ಅವತ್ತು ಹುಡುಗಿಯರೆಲ್ಲ ಸೇರಿ ಮೈದಾನದಲ್ಲಿ ದಿನಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಆಡಿದರು.

ಆಮೇಲೆ ಚಿಕ್ಕ ಹುಡುಗಿಯರು ನಾಲ್ಕನೇ ಕ್ಲಾಸಿನವರೆಗೆ ಓದಬಹುದು ಅಂತ ತಾಲಿಬಾನ್‌ನವರು ಸಡಿಲ ಮಾಡಿದರು. ಐದನೇ ಕ್ಲಾಸಿನ ಮಲಾಲಾ ಮತ್ತು ಗೆಳತಿಯರು ನಾವೂ ನಾಲ್ಕನೇದು ಅಂತ ಹೇಳಿಕೊಂಡು, ಪುಸ್ತಕಗಳನ್ನ ಶಾಲಿನ ಒಳಗೆ ಬಚ್ಚಿಟ್ಟುಕೊಂಡು ಹೋದರು. ಓದೋದಕ್ಕೆ ಒಂದು ಕ್ಲಾಸು ಕೆಳಗಿಳಿದ ಮಕ್ಕಳು! ನಮ್ಮ ಮಕ್ಕಳಿಗೆ ಹೇಳಬೇಕಾದ ಕಥೆ ಇದಲ್ವಾ?

"ಎಲ್ಲಾ ಅವಳಪ್ಪ ಹೇಳಿಕೊಟ್ಟಿದ್ದು" ಅಂತ ಬರೆಯೋಕೆ ನಿಮ್ಮಲ್ಲಿ ಕೆಲವರ ಕೈ ಈಗಾಗಲೇ ತುರಿಸುತ್ತಿರುತ್ತೆ. ನನಗೆ ಗೊತ್ತು, ಹಿಂದೆಯೂ ಬರೆದಿದ್ದೀರಿ. ಹೌದು, ಅಪ್ಪ ಜಿಯಾವುದ್ದೀನ್ ಯೂಸಫ್‌ಝೈ ಅವಳು ಓದುತ್ತಿದ್ದ ಖುಶಾಲ್ ಶಾಲೆ ನಡೆಸುತ್ತಿದ್ದರು. ಮಗಳನ್ನ ಸಭೆಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಹೆಣ್ಣು ಹುಟ್ಟಿದರೆ ಮುಖ ಸಪ್ಪಗೆ ಮಾಡಿಕೊಳ್ಳೋ ಕಡೆ, ಗಂಡಸರ ಹೆಸರು ಮಾತ್ರ ಇದ್ದ ಮನೆತನದ ವಂಶವೃಕ್ಷದಲ್ಲಿ ಗೆರೆ ಎಳೆದು ಮಲಾಲಾ ಅಂತ ಬರೆದವರು ಅವರು. 1880ರ ಮೈವಂದ್ ಯುದ್ಧದಲ್ಲಿ ಸೈನಿಕರಿಗೆ ಹುರುಪು ತುಂಬಿದ ಮಲಾಲೈ ಎಂಬ ಹುಡುಗಿಯ ಹೆಸರನ್ನೇ ಮಗಳಿಗೆ ಇಟ್ಟವರು. ಇಷ್ಟು ಮಾಡಿದ್ದು ತಪ್ಪು ಅಂತ ಯಾವ ಬಾಯಲ್ಲಿ ಹೇಳುತ್ತೀರಿ? ಮಗ ಅಪ್ಪನ ಹಾದಿ ಹಿಡಿದರೆ ಸಂಸ್ಕಾರ, ಮಗಳು ಹಿಡಿದರೆ ಅಪ್ಪನ ಕೈಗೊಂಬೆ. ಈ ಎರಡು ತಕ್ಕಡಿ ನನಗೆ ಸಾಕಾಗಿದೆ. ವ್ಯಾನಿನಲ್ಲಿ ಮುಖ ಮುಚ್ಚಿಕೊಳ್ಳದೆ ಕೂತವಳು ಅವಳು, ಅಪ್ಪ ಅಲ್ಲ.

"ಅವಳು ಪಶ್ಚಿಮದವರ ಮಗಳು" ಅನ್ನೋದು ಇನ್ನೊಂದು. ಅವಳ ದೇಶದಲ್ಲೇ 2014ರಲ್ಲಿ ಖಾಸಗಿ ಶಾಲೆಗಳ ಒಕ್ಕೂಟವೊಂದು 'ನಾನು ಮಲಾಲಾ ಅಲ್ಲ' ಅಂತ ದಿನ ಆಚರಿಸಿತು. ಶಾಲೆ ನಡೆಸೋರೇ! ನಮ್ಮಲ್ಲೂ 2022ರ ಫೆಬ್ರವರಿಯಲ್ಲಿ, ಕರ್ನಾಟಕದ ಕಾಲೇಜುಗಳ ಹಿಜಾಬ್ ವಿಷಯಕ್ಕೆ ಅವಳು ಟ್ವೀಟ್ ಮಾಡಿದಾಗ, ಇವಳಿಗೇನು ಕೆಲಸ ಅಂತ ಎಷ್ಟು ಬೈದರು. ಆ ವಿಷಯದಲ್ಲಿ ನಿಮ್ಮ ಅಭಿಪ್ರಾಯ ನಿಮಗೆ, ನಾನು ಅದಕ್ಕೆ ಇಳಿಯೋದಿಲ್ಲ. ಹುಡುಗಿಯನ್ನ ಶಾಲೆಯ ಬಾಗಿಲ ಹೊರಗೆ ನಿಲ್ಲಿಸಬೇಡಿ ಅಂತ ಅವಳು ಅಂದಳು. 2025ರ ಜನವರಿಯಲ್ಲಿ ಇಸ್ಲಾಮಾಬಾದಿನಲ್ಲಿ ಮುಸ್ಲಿಂ ದೇಶಗಳ ಮುಖಂಡರ ಮುಂದೆ ನಿಂತೂ, ತಾಲಿಬಾನ್ ಹೆಂಗಸರನ್ನ ಮನುಷ್ಯರು ಅಂತಲೇ ನೋಡುತ್ತಿಲ್ಲ ಅಂತ ಹೇಳಿದ್ದು ಅವಳೇ. ಊರಿಗೊಂದು ಮಾತು ಆಡಿದವಳಲ್ಲ.

ಮತ್ತೆ ಆ ಅದೃಷ್ಟಕ್ಕೆ ಬರುತ್ತೀನಿ.

ಆ ಗುಂಡು ಎಡಗಣ್ಣಿನ ಪಕ್ಕ ಹೊಕ್ಕು ಭುಜದ ಹತ್ತಿರ ನಿಂತಿತ್ತು. ಪೇಶಾವರದಲ್ಲಿ ತಲೆಬುರುಡೆಯ ಒಂದು ಭಾಗ ತೆಗೆದು ಆಪರೇಷನ್ ಮಾಡಿದರು. ಆರು ದಿನಕ್ಕೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ವಿಮಾನದಲ್ಲಿ ಒಯ್ದರು. ತಲೆಗೆ ಟೈಟಾನಿಯಂ ತಗಡು, ಎಡಗಿವಿಗೆ ಯಂತ್ರ. ಮುಖದ ಎಡಭಾಗದ ನರ ತುಂಡಾಗಿತ್ತು. ಅದಕ್ಕೆ ಇನ್ನೊಂದು ಆಪರೇಷನ್ ಬೋಸ್ಟನ್‌ನಲ್ಲಿ ಆದದ್ದು 2021ರ ಆಗಸ್ಟಿನಲ್ಲಿ, ಹತ್ತಿರ ಹತ್ತಿರ ಒಂಬತ್ತು ವರ್ಷ ಆದ ಮೇಲೆ. ಅದೇ ತಿಂಗಳು ಅಫ್ಘಾನಿಸ್ತಾನದಲ್ಲಿ ತಾಲಿಬಾನ್ ಅಧಿಕಾರಕ್ಕೆ ವಾಪಸ್ ಬಂತು. ಆಸ್ಪತ್ರೆಯಲ್ಲಿ ಮಲಗಿಕೊಂಡು ಅವಳು ನೋಡಿದ್ದು ಅದನ್ನ. ಮಾರನೇ ವರ್ಷ ಮಾರ್ಚ್ 23ರಂದು ಅಲ್ಲಿ ಹೈಸ್ಕೂಲು ತೆರೀತೀವಿ ಅಂದರು. ಹುಡುಗಿಯರು ಬ್ಯಾಗ್ ಹಾಕಿಕೊಂಡು ಬಂದು ಕೂತರು. ಕೆಲವೇ ಗಂಟೆಯಲ್ಲಿ ಮನೆಗೆ ಹೋಗಿ ಅಂದರು. ಡಿಸೆಂಬರಿನಲ್ಲಿ ಹುಡುಗಿಯರಿಗೆ ಯೂನಿವರ್ಸಿಟಿಯೂ ಮುಚ್ಚಿತು.

ಅದೃಷ್ಟ ಅನ್ನೋ ಪದವನ್ನ ಇದರ ಪಕ್ಕ ಇಡೋಕೆ ನನಗೆ ಆಗೋದಿಲ್ಲ.

17ನೇ ವಯಸ್ಸಿಗೆ ನಮ್ಮ ಕೈಲಾಶ್ ಸತ್ಯಾರ್ಥಿಯವರ ಜೊತೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಸುದ್ದಿ ಬಂದಾಗ ಅವಳು ಕೆಮಿಸ್ಟ್ರಿ ಕ್ಲಾಸಿನಲ್ಲಿದ್ದಳು. ಉಳಿದ ಪಾಠ ಮುಗಿಸಿಕೊಂಡೇ ಪತ್ರಕರ್ತರ ಮುಂದೆ ಬಂದಳು. ಅದನ್ನ ತಗೊಳ್ಳೋಕೆ ಓಸ್ಲೋಗೆ ಹೋಗುವಾಗ ಶಾಜಿಯಾ ಮತ್ತು ಕೈನಾತ್‌ರನ್ನ ಕರೆದುಕೊಂಡು ಹೋದಳು. ನನ್ನ ಕಥೆ ವಿಶೇಷದ್ದು ಅಂತ ಹೇಳುತ್ತಿಲ್ಲ, ವಿಶೇಷ ಅಲ್ಲ ಅಂತಲೇ ಹೇಳುತ್ತಿದ್ದೀನಿ ಅನ್ನೋ ಅರ್ಥದ ಮಾತು ಆಡಿದಳು.

ನನ್ನನ್ನ ಜಾಸ್ತಿ ಕಾಡೋದು ಅವಳ ಅಮ್ಮ. ತೂರ್ ಪೆಕೈ. ಆರನೇ ವಯಸ್ಸಿಗೆ ಸ್ಕೂಲಿಗೆ ಸೇರಿ ಬೇಗ ಬಿಟ್ಟವರು. ಜೊತೆಯ ಹುಡುಗಿಯರೆಲ್ಲ ಮನೆಯಲ್ಲಿ ಆಡಿಕೊಂಡಿದ್ದರು, ತಾನೊಬ್ಬಳೇ ಹೋಗಿ ಏನು ಮಾಡಲಿ ಅಂತ. ಪುಸ್ತಕಗಳನ್ನ ಒಂಬತ್ತಾಣೆಗೆ ಮಾರಿ ಮಿಠಾಯಿ ತಿಂದುಬಿಟ್ಟರಂತೆ. ದೊಡ್ಡವರಾದ ಮೇಲೆ ಓದು ಬರೆಹ ಕಲಿಯೋಣ ಅಂತ ಮನಸ್ಸು ಮಾಡಿದ್ದರು. ಮೊದಲ ಪಾಠ ಇದ್ದದ್ದು 2012ರ ಅಕ್ಟೋಬರ್ 9ಕ್ಕೆ. ಅದೇ ದಿನ.

ಒಂಬತ್ತಾಣೆ ಅಂದಾಗ ನನಗೆ ನಮ್ಮಕ್ಕ ನೆನಪಾಗುತ್ತಾಳೆ. ಅಕ್ಕನ ಸುದ್ದಿ ನಾನು ಇಲ್ಲಿ ಬರೆದಿರಲಿಲ್ಲ. ಏಳನೇ ಕ್ಲಾಸ್ ಪಾಸಾಗಿದ್ದಳು. ನಮ್ಮೂರಿಗೆ ಹೈಸ್ಕೂಲು ಇರಲಿಲ್ಲ, ಹಳ್ಳ ದಾಟಿ ಪಕ್ಕದೂರಿಗೆ ಹೋಗಬೇಕು. ಮೇಲಿನ ಕ್ಲಾಸಿನ ಹುಡುಗಿಯ ಹತ್ತಿರ ಎಂಟನೇ ಕ್ಲಾಸಿನ ಪುಸ್ತಕಗಳನ್ನ ಅರ್ಧ ಬೆಲೆಗೆ ತಂದು, ಪೇಪರಿನಲ್ಲಿ ಬೈಂಡ್ ಹಾಕಿ, ಒಂದೊಂದರ ಮೇಲೂ ಹೆಸರು ಬರೆದಿಟ್ಟಿದ್ದಳು. ಜೂನ್ ಬಂತು. ಹೆಣ್ಣುಮಗಳು ಒಬ್ಬಳೇ ಅಷ್ಟು ದೂರ ಹೋಗೋದು ಬೇಡ ಅಂತ ಮನೆಯಲ್ಲಿ ತೀರ್ಮಾನ ಆಯಿತು. ಯಾರೂ ಗುಂಡು ಹಾರಿಸಲಿಲ್ಲ. ಯಾರೂ ಜೋರಾಗಿಯೂ ಮಾತಾಡಲಿಲ್ಲ. ಆ ಪುಸ್ತಕಗಳನ್ನ ಇನ್ನೊಂದು ಮನೆಗೆ ಕೊಟ್ಟು ದುಡ್ಡು ತಗೊಂಡು ಬಾ ಅಂತ ನನ್ನ ಕೈಗೆ ಕೊಟ್ಟರು. ನಾನು ಐದನೇ ಕ್ಲಾಸು. ಎದೆಗೆ ಅವುಚಿಕೊಂಡು ಹೋದೆ. ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೇಡ ಅಪ್ಪ, ಅಕ್ಕ ಓದಲಿ, ದಿನಾ ಯಾರಾದರೂ ಬಿಟ್ಟು ಬನ್ನಿ, ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ. ಕೊಟ್ಟು, ದುಡ್ಡು ತಂದು ಅಮ್ಮನ ಕೈಗೆ ಹಾಕಿದೆ. ಮೂರು ವರ್ಷ ಆದ ಮೇಲೆ ಊರಿಗೆ ಬಸ್ಸು ಬಂತು. ನಾನು ಆ ಬಸ್ಸಿನಲ್ಲಿ ಹೋಗಿ ಓದಿ ಟೀಚರ್ ಆದೆ.

ನಾನು ಆಗ ಮಲಾಲಾ ಡೈರಿ ಬರೆದ ವಯಸ್ಸಿನ ಹತ್ತಿರದವಳೇ. ಅದಕ್ಕೇ ಆ 11 ವರ್ಷದ ಹುಡುಗಿ ನನಗೆ ಇಷ್ಟು ದೊಡ್ಡವಳಾಗಿ ಕಾಣುತ್ತಾಳೆ. ಮನೆಯವರ ಮುಂದೆ ಬಾಯಿ ತೆರೆಯೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅವಳು ಬಾಯಿ ತೆರೆದದ್ದು ಹೆಣ ಬಿಸಾಡುವವರ ಎದುರು.

ಇವತ್ತು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆ ಒಂಬತ್ತನೇ ಕ್ಲಾಸಿನವಳನ್ನೂ ಭಾಷಣ ಮಾಡಿದವಳನ್ನೂ ಕೂರಿಸಿಕೊಂಡು ಇದೆಲ್ಲ ಹೇಳಿದೆ. ಭಾಷಣದವಳು ನೋಟ್‌ಬುಕ್ ತೆಗೆದು 'ಗುಲ್ ಮಕೈ' ಅಂತ ಬರೆದುಕೊಂಡು, ಸ್ಪೆಲಿಂಗ್ ಸರಿ ಇದೆಯಾ ಅಂತ ತೋರಿಸಿದಳು. ಮುಂದಿನ ಸಲ ಗುಲಾಬಿ ಬಟ್ಟೆಯಿಂದ ಶುರು ಮಾಡ್ತೀನಿ ಮಿಸ್ ಅಂದಳು.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಪುಸ್ತಕದ ವಿಷಯ ಎತ್ತೋಕೆ ಇವತ್ತೂ ಧೈರ್ಯ ಬರಲಿಲ್ಲ. ಜನವರಿ 14ರ ಕಥೆ ಹೇಳಿದೆ. ರಜೆ ಅಂತ ಹೇಳಿದ್ದು, ಯಾವಾಗ ತೆರೆಯುತ್ತೆ ಅಂತ ಹೇಳದೇ ಇದ್ದದ್ದು, ಹುಡುಗಿಯರು ಮೈದಾನದಲ್ಲಿ ಜಾಸ್ತಿ ಹೊತ್ತು ಆಡಿದ್ದು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಆಮೇಲೆ ಸ್ಕೂಲ್ ಬಾಗಿಲು ತೆಗೆದ್ರಾ?" ಅಂದಳು.

"ತೆಗೆದ್ರು ಕಣಕ್ಕ" ಅಂದೆ.

"ಆ ಹುಡುಗೀರೆಲ್ಲ ವಾಪಸ್ ಬಂದ್ರಾ?"