ಹಲಸಿನ ತೊಳೆ ಕೇಸು

ಮಕ್ಕಳ ಪತ್ತೇದಾರಿ ಆಟಕ್ಕೆ ದುರ್ಬೀನು ಮಾಡಬೇಕು ಅಂದರೆ ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ ಬೇಕಂತೆ. ನೋಡಿದ ವಿಡಿಯೋಗಳೆಲ್ಲ ಅದನ್ನೇ ಹೇಳುತ್ತವೆ. ತುಮಕೂರಿನ ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಚೊಂಬು ಇದೆ. ಚೊಂಬಿನಿಂದ ದುರ್ಬೀನು ಆಗಲ್ಲ. ಕೊನೆಗೆ ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಥಾನು ಸುತ್ತಿಟ್ಟ ಉದ್ದನೆಯ ಕೊಳವೆ ಬೇಡಿ ತಂದೆ. ಸ್ಕೂಟರ್ ಹಿಂದೆ ಕೂತ ಮಗಳು ಅದನ್ನು ಹೆಗಲ ಮೇಲಿಟ್ಟು ಗುರಿ ಹಿಡಿದಿದ್ದಳು. ಬಿ.ಎಚ್. ರಸ್ತೆಯಲ್ಲಿ ಬಸ್ಸಿನವರೂ ದಾರಿ ಬಿಟ್ಟರು.

ಮನೆಯ ಕಸದಲ್ಲೇ ಆಟಿಕೆ ಮಾಡಬಹುದು ಅನ್ನುವವರ ಮನೆಯಲ್ಲಿ ಅಜ್ಜಿ ಇರಲಿಕ್ಕಿಲ್ಲ. ಅಜ್ಜಿ ಇರುವ ಮನೆಯಲ್ಲಿ ಕಸವೇ ಇರುವುದಿಲ್ಲ. ಐಸ್‌ಕ್ರೀಮ್ ಡಬ್ಬ ಸಾಸಿವೆಗೆ. ಹಾಲಿನ ಪ್ಯಾಕೆಟ್ ತೊಳೆದು, ಒಣಗಿಸಿ, ಕರಿಬೇವಿಗೆ. ಯಾವ ಡಬ್ಬ ಮುಟ್ಟಿದರೂ ನಮ್ಮಮ್ಮ, "ಅದಿಡು, ಅದಕ್ಕೆ ಕೆಲಸ ಇದೆ" ಅನ್ನುತ್ತಾಳೆ. ಏನು ಕೆಲಸ ಅಂದರೆ, "ಬರುತ್ತೆ." ಭಾರಿ ಚೌಕಾಸಿ ಮಾಡಿ ಒಂದು ಕೂಲ್‌ಡ್ರಿಂಕ್ಸ್ ಬಾಟಲಿ, ಒಂದು ಉದ್ದನೆಯ ಟೀಪುಡಿ ಡಬ್ಬ ಗಿಟ್ಟಿಸಿದೆವು. ಚೌಕಾಸಿಯೇ ಇಲ್ಲದೆ ಸಿಕ್ಕಿದ್ದು ನಮ್ಮ ಮದುವೆ ವಿಡಿಯೋದ ಸಿಡಿ. ಹೆಂಡತಿ ತಾನೇ ಹುಡುಕಿ ಕೊಟ್ಟಳು.

ಬಾಟಲಿಯ ಭುಜದ ಹತ್ತಿರ ಉಬ್ಬಿರುವ ಕಡೆ ದುಂಡಗೆ ಕತ್ತರಿಸಿ ನೀರು ತುಂಬಿದರೆ ಭೂತಗನ್ನಡಿ ರೆಡಿ. ನಡುವೆ ದಪ್ಪ, ಅಂಚಿನಲ್ಲಿ ತೆಳು, ಮಸೂರ ಅಂದರೆ ಅಷ್ಟೇ ಅಲ್ವಾ? ಅಕ್ಷರ ಚೆನ್ನಾಗಿಯೇ ದೊಡ್ಡದಾಗಿ ಕಂಡವು. ಆದರೆ ಪತ್ತೇದಾರರು ಸುಳಿವಿನ ಮೇಲೆ ಬಾಗಿದಾಗಲೆಲ್ಲ ನೀರು ಚೆಲ್ಲಿ ಸುಳಿವೇ ತೊಳೆದುಹೋಗುತ್ತಿತ್ತು. ಕರೆಂಟ್ ಬಿಲ್ಲೂ ಹೋಯಿತು.

ಟೀ ಡಬ್ಬದಲ್ಲಿ ಪೆರಿಸ್ಕೋಪ್. ಮೇಲೊಂದು ಕೆಳಗೊಂದು ಕನ್ನಡಿ, 45 ಡಿಗ್ರಿ ಓರೆಯಾಗಿ, ಎದುರುಬದುರು. ಒಡೆದ ಕನ್ನಡಿ ಮನೆಯೊಳಗೆ ಬರಕೂಡದು ಅಂತ ಅಮ್ಮನ ಅಪ್ಪಣೆ. ಹಾಗಾಗಿ ಸಿಡಿ ತುಂಡುಗಳು. ಕಾಂಪೌಂಡಿನಾಚೆ ಸಂಡಿಗೆ ಹಾಕುತ್ತಿದ್ದ ಪಕ್ಕದ ಮನೆ ಆಂಟಿ ಕಾಮನಬಿಲ್ಲಿನ ಬಣ್ಣದ ಅಂಚು ಕಟ್ಟಿಕೊಂಡು ಕಂಡರು. ಸ್ವಲ್ಪ ಹೊತ್ತಿಗೆ ಅವರದೇ ಫೋನ್. "ನಿಮ್ಮ ಕಾಂಪೌಂಡ್ ಮೇಲೆ ಟೀಪುಡಿ ಡಬ್ಬ ಓಡಾಡ್ತಿದೆ, ಸ್ವಲ್ಪ ನೋಡಿ."

ಇಷ್ಟಾದರೂ ಕೇಸೇ ಇರಲಿಲ್ಲ. ಅದನ್ನು ಒದಗಿಸಿದ್ದು ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರಿನಿಂದ ನೆಂಟರು 'ಸಿದ್ದು' ತಳಿಯ ಹಣ್ಣು ತಂದಿದ್ದರು. ಕೆಂಪನೆ ತೊಳೆ. ಬಿಡಿಸಿ ಸ್ಟೀಲ್ ಡಬ್ಬದಲ್ಲಿ ಫ್ರಿಜ್ಜಿಗಿಟ್ಟಿದ್ದೆವು. ಬೆಳಗ್ಗೆ ನೋಡಿದರೆ ಅರ್ಧ ಖಾಲಿ.

ಮೇಣ ಅಂಟದಿರಲಿ ಅಂತ ಕೈಗೆಲ್ಲ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದೆವಲ್ಲ, ಡಬ್ಬದ ತುಂಬಾ ಎಣ್ಣೆ ಬೆರಳಿನ ಗುರುತು. ಟಾಲ್ಕಂ ಪೌಡರ್ ಉದುರಿಸಿ, ಮೆತ್ತನೆ ಬ್ರಷ್ ಆಡಿಸಿ, ಸೆಲ್ಲೋಟೇಪಿನಲ್ಲಿ ಎತ್ತಿ ಕಪ್ಪು ಕಾಗದಕ್ಕೆ ಅಂಟಿಸಿದರೆ ಗೆರೆ ಎಣಿಸಬಹುದು, ಅಷ್ಟು ಚೆಂದ ಬರುತ್ತದೆ. ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಶುರುವಾಗಿದ್ದು ನಮ್ಮ ಕಲ್ಕತ್ತದಲ್ಲೇ, 1897ರಲ್ಲಿ ಅಂತ ನಾನು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ.

"ಅವರೂ ಅಡುಗೆಮನೆಗೇ ಪೌಡರ್ ಚೆಲ್ಲಿದ್ರಾ?" ಅಂದಳು ಅಮ್ಮ.

ಮುಂದೆ ಆರೋಪಿಗಳ ಬೆರಳಚ್ಚು. ಪೆನ್ಸಿಲ್ ಸೀಸ ಉಜ್ಜಿದ ಕಾಗದಕ್ಕೆ ಬೆರಳು ತಿಕ್ಕಿ, ಟೇಪಿಗೆ ಒತ್ತುವುದು. ನನ್ನ ಬೆರಳಿನ ಗೆರೆಗಳದು ಕುಣಿಕೆ ಆಕಾರ, ಅಂದರೆ ಸಾಮಾನ್ಯರಲ್ಲಿ ಸಾಮಾನ್ಯ. ಹೆಂಡತಿಯದು ಸುಳಿ. ಅಮ್ಮನದು ಏನೂ ಇಲ್ಲ! ಎಷ್ಟು ಒತ್ತಿದರೂ ಬರೀ ಬೂದು ಮಚ್ಚೆ. ರೇಷನ್ ಅಂಗಡಿಯ ಮಿಷನ್ನಿನಲ್ಲೂ ಇದೇ ಕಥೆ. ಸೆರಗಿಗೆ ಒರೆಸಿ, ಊದಿ, ಮತ್ತೆ ಒತ್ತಿ ಸಾಕಾಗುತ್ತದೆ. ರಾಗಿ ಕುಯ್ದು, ಬೂದಿಯಲ್ಲಿ ಪಾತ್ರೆ ತಿಕ್ಕಿ ಗೆರೆಗಳೆಲ್ಲ ಸವೆದಿವೆ.

ಡಬ್ಬದ ಮುಚ್ಚಳದ ಮೇಲೆ ಎಲ್ಲಕ್ಕಿಂತ ಹೊಸದಾಗಿದ್ದದ್ದು ಗೆರೆಯೇ ಇಲ್ಲದ ನುಣುಪು ಮಚ್ಚೆಗಳು. ಮಗಳು ನೋಟ್‌ಬುಕ್ಕಿನಲ್ಲಿ ಬರೆದಳು: "ಕಳ್ಳನಿಗೆ ಬೆರಳಚ್ಚು ಇಲ್ಲ." ತಂಗಿಯ ಮಗ ದೆವ್ವ ಅಂದ.

ಶುಗರ್ ಇರುವ ಅಮ್ಮನಿಗೆ ಹಲಸು ಮುಟ್ಟಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಅಮ್ಮ ಬಾಟಲಿಯ ಭೂತಗನ್ನಡಿ ತೆಗೆದುಕೊಂಡು, ನೀರು ಒಂದು ಹನಿಯೂ ಚೆಲ್ಲದೆ, ಡಬ್ಬವನ್ನು ಸುತ್ತಲೂ ಪರೀಕ್ಷೆ ಮಾಡಿದಳು.

"ಇಲಿ ಇರ್ಬೇಕು."

ಫ್ರಿಜ್ ತೆಗೆದು, ತೊಳೆ ತಿಂದು, ಮುಚ್ಚಳ ಬಿಗಿಯಾಗಿ ಹಾಕಿಟ್ಟು ಹೋಗುವ ಇಲಿ. ಮಕ್ಕಳು ಒಪ್ಪಿದರು. ಹೆಜ್ಜೆ ಗುರುತು ಹಿಡಿಯಲು ಆ ರಾತ್ರಿ ಫ್ರಿಜ್ ಮುಂದೆ ರಾಗಿ ಹಿಟ್ಟು ಉದುರಿಸಿ ಮಲಗಿದರು.

ಬೆಳಗ್ಗೆ ಹಿಟ್ಟಿನ ಸುಳಿವೇ ಇಲ್ಲ. ನೆಲ ಫಳಫಳ. ಸ್ಟೀಲ್ ಡಬ್ಬ ತೊಳೆದು ಬೋರಲು ಹಾಕಿದೆ. ಮಗಳು ತುಂಬಾ ಹೊತ್ತು ಯೋಚಿಸಿ ನೋಟ್‌ಬುಕ್ ತೆಗೆದಳು.

"ಇಲಿ ನೆಲ ಒರೆಸಿದೆ."